ಟ್ರಯಲ್‌ಗೆ ಹೊರಟ ಕಂಠಪ್ಪ

ಹಾವು ಕಚ್ಚಿದ್ದು ಕಂಠಪ್ಪನಿಗೆ. ಹರಕೆ ಹೊತ್ತಿದ್ದು ಅವನ ಹೆಂಡತಿ ಜಯಲಕ್ಷ್ಮಮ್ಮ. ನಡೆಯಬೇಕಾಗಿದ್ದು ಮತ್ತೆ ಕಂಠಪ್ಪನೇ. ಸೀಗೆಕೊಪ್ಪಲಿನ ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಸಾಗಿದ್ದ ವ್ಯಾಜ್ಯವೆಲ್ಲ ಈ ಮೂರನೆಯ ಮಾತಿನ ಮೇಲೆಯೇ.

ಆಗಿದ್ದಿಷ್ಟು. ಹನ್ನೊಂದು ವರ್ಷದ ಹಿಂದೆ ಹೊಗೆಸೊಪ್ಪಿನ ಹೊಲದಲ್ಲಿ ಕಳೆ ಕೀಳುತ್ತಿದ್ದ ಕಂಠಪ್ಪನ ಹಿಮ್ಮಡಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಹಾವು. ನೋಡಿದವನೇ ಅಲ್ಲೇ ಮೂರ್ಛೆ ಹೋದ. ಮೈಸೂರಿನ ಆಸ್ಪತ್ರೆಯ ವರಾಂಡದಲ್ಲಿ ಜಯಲಕ್ಷ್ಮಮ್ಮ ಸೆರಗೊಡ್ಡಿ ನಿಂತು, "ಅಪ್ಪಾ ಮಂಜುನಾಥ, ನಮ್ ಯಜಮಾನ್ರು ಕಣ್ ಬುಟ್ರೆ ಸಾಕು, ಊರಿಂದ ಧರ್ಮಸ್ಥಳದ ಗಂಟ ನಡ್ಕಂಡೇ ಬತ್ತಾರೆ" ಅಂದಳು. ಅವಳು ಅಂದು ಮುಗಿಸುವುದಕ್ಕೂ ಯಜಮಾನರು ಕಣ್ಣು ಬಿಡುವುದಕ್ಕೂ ಸರಿಹೋಯಿತು. ಹಿಂದೆಯೇ ಡಾಕ್ಟರು ಹೊರಗೆ ಬಂದು, ಕಚ್ಚಿದ್ದು ಕೇರೆಹಾವು, ಅದಕ್ಕೆ ವಿಷವಿಲ್ಲ, ಇವರು ಬಿದ್ದದ್ದು ಹೆದರಿಕೆಗೆ ಎಂದು ಹೇಳಿಹೋದರು.

ಡಾಕ್ಟರ ಈ ಒಂದು ಮಾತನ್ನು ಕಂಠಪ್ಪ ಪಟ್ಟಾಗಿ ಹಿಡಿದುಕೊಂಡ. "ಇಸಾನೇ ಇರ್ನಿಲ್ಲ ಅಂದ್ಮೇಲೆ ಮಂಜುನಾಥಂಗೆ ಅಲ್ಲಿ ಏನೇ ಕೆಲ್ಸ ಇತ್ತು? ಮಾಡ್ದೆ ಇರೋ ಕೆಲ್ಸಕ್ಕೆ ಯಾರಾದ್ರೂ ಕೂಲಿ ಕೊಡ್ತಾರಾ?" ಎಂದು ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ವಾದ ಹೂಡಿದ.

"ನಾಗರಾವ ಕೇರೆ ಆವು ಮಾಡ್ದೋರು ಯಾರು?" ಎಂದು ಜಯಲಕ್ಷ್ಮಮ್ಮ ತಿರುಗಿ ಕೇಳಿದಳು.

'ಮಾತು ಬಿಡ ಮಂಜುನಾಥ' ಅನ್ನುವುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಅದಕ್ಕೇ ಕಂಠಪ್ಪ ಯಾವತ್ತೂ ಆಗುವುದಿಲ್ಲ ಅನ್ನಲಿಲ್ಲ. 'ಬರೋ ವರ್ಷ' ಅಂದ. ಜನ ನಡೆದು ಹೋಗುವುದು ಶಿವರಾತ್ರಿಗೆ. ಒಂದು ಶಿವರಾತ್ರಿಗೆ ಹೊಗೆಸೊಪ್ಪಿನ ಬೇಲು ಮಾರ್ಕೆಟ್ಟಿಗೆ ಹೋಗುವುದಿತ್ತು. ಇನ್ನೊಂದಕ್ಕೆ ಮಗಳು ರೂಪಶ್ರೀಯ ಪರೀಕ್ಷೆ. ಮತ್ತೊಂದಕ್ಕೆ ಹಸು ಗಬ್ಬ. ಕೊರೋನಾ ಬಂದ ಎರಡು ವರ್ಷವಂತೂ ಪ್ರಪಂಚವೆಲ್ಲ ಅಳುತ್ತಿದ್ದಾಗ ಕಂಠಪ್ಪನೊಬ್ಬನೇ ನಿಶ್ಚಿಂತೆಯಿಂದ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ.

ಈ ವರ್ಷ ಅವನ ನಸೀಬು ಕೈಕೊಟ್ಟಿತು. ಬೇಲು ಆಗಲೇ ಮಾರಿಯಾಗಿತ್ತು. ರೂಪಶ್ರೀ ಓದು ಮುಗಿಸಿ ಮೈಸೂರಿನಲ್ಲಿ ನರ್ಸಾಗಿದ್ದಳು. ಹಸು ಕರು ಹಾಕಿ ಮೂರು ತಿಂಗಳಾಗಿತ್ತು. ಇದರ ಮೇಲೆ ಕೆ.ಆರ್. ನಗರದಲ್ಲಿರುವ ಬಾಮೈದ ಮಹೇಂದ್ರ ಫೋನು ಮಾಡಿ, "ಬಾವಾ, ನಮ್ ತಂಡ ಸೋಮವಾರ ಬೆಳಗ್ಗೆ ಇಲ್ಲಿಂದ ಒರಡ್ತದೆ. ನೀವು ಭಾನುವಾರ ಮಧ್ಯಾನ ಬಸ್ಸಲ್ ಬಂದ್ಬುಡಿ. ಊರಿಂದ್ಲೇ ನಡೀಬೇಕು ಅಂತೇನಿಲ್ಲ, ಪೂಜಾರ್‍ರನ್ನ ಕೇಳಿವ್ನಿ" ಎಂದ. ಮಹೇಂದ್ರ ಐದು ಸಲ ನಡೆದು ಬಂದವನು. ಯಾರಾದರೂ ಮನೆಗೆ ಬಂದರೆ ಕಾಫಿಗೆ ಮುಂಚೆ ಅಂಗಾಲು ತೋರಿಸುವವನು.

ಎಲ್ಲ ದಾರಿಯೂ ಮುಚ್ಚಿದಾಗ ಕಂಠಪ್ಪನಿಗೆ ಒಂದು ಹೊಸ ದಾರಿ ಕಂಡಿತು. ಅದರ ಹೆಸರು ತಯಾರಿ.

"ಸುಮ್ನೆ ಎದ್ದು ಓಗಕ್ಕೆ ಇದೇನ್ ಸಂತೆನಾ? ಇನ್ನೂರು ಕಿಲೋಮೀಟ್ರುಗೂ ಮ್ಯಾಕದೆ. ಸಾಮಾನಿಲ್ದೆ ಆಯ್ತದಾ?" ಎಂದು ಮೊಬೈಲ್ ಹಿಡಿದು ಕೂತ. ಅದರಲ್ಲಿ ಯಾವನೋ ಗಡ್ಡದ ಹುಡುಗ ಹಿಮಾಲಯದ ಮುಂದೆ ನಿಂತು, ದೂರ ನಡೆಯುವವರು ಏನೇನು ಇಟ್ಟುಕೊಳ್ಳಬೇಕು ಎಂದು ಹೇಳುತ್ತಿದ್ದ. ಹುಡುಗ ಹೇಳಿದ್ದೆಲ್ಲವನ್ನೂ ಕಂಠಪ್ಪ ಮಗಳ ಕೈಲಿ ತರಿಸಿದ. ದಿನಕ್ಕೊಂದು ಪಾರ್ಸೆಲ್ ಬಂತು. ಪಾದ ಊದುತ್ತದೆಂದು ಒಂದು ನಂಬರ್ ದೊಡ್ಡ ಶೂ, ಬೊಬ್ಬೆ ಏಳದಂತೆ ಒಂದರ ಮೇಲೊಂದು ಹಾಕುವ ಎರಡು ಥರದ ಕಾಲುಚೀಲ, ಮಂಡಿಗೆ ಪಟ್ಟಿ, ಹಣೆಗೆ ಕಟ್ಟುವ ಟಾರ್ಚು, ತಲೆಯ ಮೇಲೆ ತಾನೇ ನಿಲ್ಲುವ ಕೊಡೆ-ಟೋಪಿ, ಬೆನ್ನ ಚೀಲದಿಂದ ಬಾಯಿಗೆ ನಳಿಕೆ ಬರುವ ನೀರಿನ ಪೊಟ್ಟಣ, ಮಡಚುವ ಊರುಗೋಲು, ಊದಿದರೆ ಉಬ್ಬುವ ದಿಂಬು. ಎಲ್ಲ ತುಂಬಿಸಿ ಎತ್ತಿದರೆ ಚೀಲ ಅರ್ಧ ಮೂಟೆ ಭತ್ತದಷ್ಟು ಭಾರವಾಯಿತು.

ಊರೆಲ್ಲ ನೋಡಲು ಬಂತು. ಪಕ್ಕದ ಮನೆಯ ಚಿಕ್ಕಮಾದಯ್ಯ, ಎಪ್ಪತ್ತು ದಾಟಿದ ಮುದುಕ, ಏಳು ಸಲ ಬರಿಗಾಲಲ್ಲಿ ಧರ್ಮಸ್ಥಳ ಕಂಡವನು, ಆ ನಳಿಕೆ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಇದ್ಯಾಕ್ಲಾ ಕಂಠ, ಗ್ಲೂಕೋಸ್ ಆಕುಸ್ಕಂಡೇ ಓಯ್ತೀಯಾ?" ಎಂದ.

"ನಿಂಗ್ ಗೊತ್ತಾಗಕ್ಕಿಲ್ಲ ಬುಡು ಮಾವ. ಇದು ಸೈಂಟಿಪಿಕ್ಕು."

"ಓಯ್, ನಾನ್ ಏಳದ ಕೇಳು. ಒಂದ್ ಪಂಚೆ, ಒಂದ್ ಟವಲ್ಲು, ಒಂದ್ ಸೀಸೆ ಅರಳೆಣ್ಣೆ. ಬೆಳಗ್ಗೆ ಎದ್ದು ಬೆರಳ ಸಂದೀಗೂ ತೊಡೆ ಸಂದೀಗೂ ಎಣ್ಣೆ ಹಚ್ಕೋ. ಸುಸ್ತಾಗಕ್ ಮುಂಚೇನೆ ಕೂತ್ಕೋ. ಸಂಜೆ ಬಿಸ್ನೀರ್‍ಗೆ ಉಪ್ಪಾಕಿ ಕಾಲಿಳಿಬುಡು. ಬೊಬ್ಬೆ ಎದ್ರೆ ಸೂಜಿ ಕಾಯ್ಸಿ ದಾರ ತೂರ್‍ಸು, ಚರ್ಮ ಮಾತ್ರ ಕೀಳ್ಬ್ಯಾಡ. ಮುಗೀತು."

"ತೊಡೆ ಸಂದೀಗೂವಾ?" ಎಂದು ಕಂಠಪ್ಪ ತಗ್ಗಿದ ದನಿಯಲ್ಲಿ ಕೇಳಿದ. ಗಡ್ಡದ ಹುಡುಗ ಈ ವಿಷಯವನ್ನು ಎತ್ತಿರಲಿಲ್ಲ.

"ಎಲ್ಡ್ ದಿನ ನಡೀ, ನೀನೇ ಫೋನ್ ಮಾಡ್ತೀಯ" ಎಂದು ಚಿಕ್ಕಮಾದಯ್ಯ ಎದ್ದುಹೋದ.

ಅಸಲಿಗೆ ಕಂಠಪ್ಪನಿಗೆ ಎರಡು ದಿನವಿರಲಿ, ಎರಡು ಗಂಟೆ ನಡೆಯುವ ಇರಾದೆಯೂ ಇರಲಿಲ್ಲ. ಅವನ ಯೋಜನೆಯೇ ಬೇರೆ. ಹೊಸ ಶೂ ಪಳಗಬೇಕಾದರೆ ತುಂಬಿದ ಚೀಲ ಹೊತ್ತು ಒಂದು ಸಲ ನಡೆದು ನೋಡಬೇಕು ಎಂದು ಆ ಹುಡುಗ ಹೇಳಿದ್ದ. ಅದರಂತೆ ಭಾನುವಾರ ಬೆಳಗ್ಗೆ ಟ್ರಯಲ್. ಕೆ.ಆರ್. ನಗರದ ರಸ್ತೆಯಲ್ಲಿ ಮೂರು ಕಿಲೋಮೀಟರ್ ನಡೆದು, ಬಸ್ಸು ನಿಲ್ಲುವ ಗೇಟಿನ ಹತ್ತಿರದ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಬಿಳಿಕೆರೆ ಕಡೆ ಹೋಗುವ ಬಸ್ಸು ಹತ್ತಿ ಕುಂಟಿಕೊಂಡು ಮನೆಗೆ ಬರುವುದು. ಅಯ್ಯೋ, ಕಾಲು ಉಳುಕಿತು. ಬರೋ ವರ್ಷ. ಕುಂಟುವುದನ್ನು ಅವನು ನಾಲ್ಕು ದಿನದಿಂದ ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡಿ, ಎಡಗಾಲೇ ಚೆನ್ನಾಗಿ ಬರುತ್ತದೆ ಎಂದು ತೀರ್ಮಾನಿಸಿದ್ದ.

ಶನಿವಾರ ಮಧ್ಯಾಹ್ನ ಜಯಲಕ್ಷ್ಮಮ್ಮ ಹಿತ್ಕಿದವರೆ ಸಾರು ಮಾಡಿದ್ದಳು. ಕಂಠಪ್ಪನಿಗೆ ಮುದ್ದೆ ಮೇಲೆ ಮೂರು ಸೌಟು ಬಿಟ್ಟು, ತಾನು ಮಜ್ಜಿಗೆಗೆ ಉಪ್ಪು ಹಾಕಿಕೊಂಡು ಕೂತಳು. ಅವಳು ಅವರೆ ತಿನ್ನುವುದಿಲ್ಲ. "ನಿಂಗ್ ಆಗಕ್ಕಿಲ್ಲ ಬುಡು, ಗ್ಯಾಸು" ಎಂದು ಕಂಠಪ್ಪ ಯಾವಾಗಿನಂತೆ ಕನಿಕರದಿಂದ ಹೇಳಿ ನಾಲ್ಕನೆಯ ಸೌಟಿಗೆ ತಟ್ಟೆ ನೀಡಿದ. ಅವಳು ಸೌಟು ತುಂಬ ಬಡಿಸಿದಳು.

ಭಾನುವಾರ ಆರೂವರೆಗೆ ಕಂಠಪ್ಪ ಹೊಸಲು ದಾಟಿದ. ಮೈತುಂಬ ಸಾಮಾನು, ತಲೆಯ ಮೇಲೆ ಕೊಡೆ. "ಒಂಬತ್ಗೆಲ್ಲ ಬಂದ್ಬುಡ್ತೀನಿ" ಎಂದ. ಜಯಲಕ್ಷ್ಮಮ್ಮ ಹಣೆಗೆ ಕುಂಕುಮ ಇಟ್ಟಳು. ಟ್ರಯಲ್ಲಿಗೆ ಕುಂಕುಮ ಯಾಕೆ ಎಂದು ಅವನು ಕೇಳಲಿಲ್ಲ. ಕೇಳಬೇಕಾಗಿತ್ತು.

ಎರಡು ಕಿಲೋಮೀಟರ್ ಸುಖವಾಗಿ ಸಾಗಿತು. ಮುಂದಿನ ಊರಿನ ಮೊದಲ ಮನೆಯ ಮುಂದೆ ಭಾಗ್ಯಮ್ಮ ಅನ್ನುವ ಹೆಂಗಸು ರಂಗೋಲಿ ಬಿಡುತ್ತಿದ್ದಳು. ಚೀಲ, ಕೋಲು, ಕುಂಕುಮ ಮೂರನ್ನೂ ನೋಡಿದವಳೇ ರಂಗೋಲಿ ಬಟ್ಟಲನ್ನು ಅಲ್ಲೇ ಬಿಟ್ಟು ಒಳಗೆ ಓಡಿ, ತಾಮ್ರದ ಚೊಂಬಿನಲ್ಲಿ ನೀರು ತಂದಳು.

"ಧರ್ಮಸ್ಥಳಕ್ಕೆ ಅಲ್ವರಾ ಸಾಮಿ?"

"ಊಂ… ಅಂದ್ರೆ… ಇವತ್ತು…"

"ಈ ವರ್ಷ ಈ ದಾರೀಲಿ ನೀವೇ ಕಣಪ್ಪ ಮೊದ್ಲು! ಶೂ ಬಿಚ್ಚಿ, ಕಾಲ್ ತೊಳೀಬೇಕು."

ಪಾದಯಾತ್ರೆಗೆ ಹೊರಟವರ ಕಾಲು ತೊಳೆದು ಕಳಿಸುವುದು ನಮ್ಮ ಕಡೆ ಇರುವ ಪದ್ಧತಿ. ಬೇಡ ಅನ್ನಬಾರದು. ಕಂಠಪ್ಪ ಕೂತು, ಎರಡು ಶೂವಿನ ದಾರ ಬಿಚ್ಚಿ, ನಾಲ್ಕು ಕಾಲುಚೀಲ ಎಳೆದು ಹಾಕಿದ. ಭಾಗ್ಯಮ್ಮ ನೀರು ಹುಯ್ದು, ಅರಿಶಿನ ಹಚ್ಚಿ, ಕೈಮುಗಿದಳು. ಆಮೇಲೆ ದೇವರ ಗೂಡಿನಿಂದ ಹಳದಿ ಬಟ್ಟೆಯ ಪುಟ್ಟ ಗಂಟೊಂದನ್ನು ತಂದು ಅವನ ಅಂಗೈಯಲ್ಲಿಟ್ಟಳು. "ಮೊಮ್ಮಗ ನಾಕ್ ವರ್ಷ ಆದ್ರೂ ಮಾತಾಡ್ನಿಲ್ಲ ಅಂತ ಮುಡುಪು ಕಟ್ಟಿದ್ದೆ. ಈಗ ಬಾಯ್ ಮುಚ್ಸಕ್ಕೇ ಆಗಕ್ಕಿಲ್ಲ. ನಿಮ್ ಕೈಯಾರೆ ಅಪ್ಪನ್ ಉಂಡೀಗ್ ಆಕ್ಬುಡಿ. ಆಕ್ತೀರಾ?"

ಒಳಗಿನಿಂದ ಆ ಮೊಮ್ಮಗನ ಮಾತು ಎಡೆಬಿಡದೆ ಕೇಳುತ್ತಿತ್ತು. ಕಂಠಪ್ಪ ಬಾಯಿ ತೆರೆದ. ಇಲ್ಲಮ್ಮ, ನಾನು ಶೂ ಪಳಗಿಸಲು ಬಂದವನು ಎನ್ನಬೇಕೆಂದಿದ್ದ. ಬಂದದ್ದು ಮಾತ್ರ "ಆಯ್ತಮ್ಮ."

ಆಯ್ತು ಅಂದದ್ದು ಭಾಗ್ಯಮ್ಮನಿಗೆ. ಕೇಳಿಸಿಕೊಂಡವನು ಇನ್ನೊಬ್ಬ.

ಸರಿ, ಇದೊಂದನ್ನು ಮಹೇಂದ್ರನ ಕೈಲಿ ಕಳಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡು ಕಂಠಪ್ಪ ಹತ್ತು ನಿಮಿಷ ಶೂ ಕಟ್ಟಿ ಎದ್ದ. ಅಷ್ಟರಲ್ಲಿ ಭಾಗ್ಯಮ್ಮ ಮೂರು ಕಡೆಗೆ ಫೋನು ಮಾಡಿ ಮುಗಿಸಿದ್ದಳು. ಇವನು ಗೇಟಿನ ಹತ್ತಿರ ಬರುವಾಗ ಹೋಟೆಲಿನವನು ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಎರಡು ಇಡ್ಲಿ ಕೇಳಿದರೆ ಆರು ಹಾಕಿದ. ದುಡ್ಡು ಕೊಡಹೋದರೆ ಕಿವಿ ಮುಚ್ಚಿಕೊಂಡ.

ದೂರದಲ್ಲಿ ಬಿಳಿಕೆರೆ ಕಡೆಯ ಕೆಂಪು ಬಸ್ಸು ಕಂಡಿತು. ಕಂಠಪ್ಪನ ಜೀವಕ್ಕೆ ಜೀವ ಬಂತು. ರಸ್ತೆಗೆ ಓಡಿ ಬಲಗೈ ಮೇಲೆತ್ತಿ ನಿಂತ. ಬಸ್ಸು ನಿಧಾನವಾಯಿತು. ಒಳಗಿದ್ದವರು ನೋಡಿದರು: ರಸ್ತೆ ಮಧ್ಯೆ ಒಬ್ಬ ಯಾತ್ರಿ, ಹಣೆಯಲ್ಲಿ ಕುಂಕುಮ, ತಲೆಯ ಮೇಲೆ ಛತ್ರಿ, ಎತ್ತಿದ ಅಭಯಹಸ್ತ. ಐವತ್ತು ಜನ ಒಟ್ಟಿಗೆ ಕೈಮುಗಿದರು.

ಕಂಡಕ್ಟರ್ ವಸಂತ್ ಕೆಳಗಿಳಿದ. "ಯಾಕ್ ಸಾಮಿ?"

"ಅತ್ತ್‌ಕೋಬೇಕಿತ್ತು ಕಣಪ್ಪ. ಎಡಗಾಲು ಉಳುಕದೆ" ಎಂದು ಕಂಠಪ್ಪ ನಾಲ್ಕು ಹೆಜ್ಜೆ ಕುಂಟಿ ತೋರಿಸಿದ. ಕೊಟ್ಟಿಗೆಯಲ್ಲಿಯೂ ಅಷ್ಟು ಸೊಗಸಾಗಿ ಬಂದಿರಲಿಲ್ಲ.

ವಸಂತ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಬ್ಯಾಡ ಸಾಮಿ, ಪರೀಕ್ಷೆ ಮಾಡ್ಬ್ಯಾಡಿ. ಅಪ್ಪನ್ ದಾರಿ ಹಿಡ್ದೋರ್‍ನ ವಾಪಸ್ ಅತ್ತುಸ್ಕಂಡೋದ್ರೆ ನನ್ ಎಂಡ್ರು ಮಕ್ಳ ಗತಿ ಏನು? ಆ ಕಡೆ ಓಗ್ತೀನಿ ಅನ್ನಿ, ಟಿಕೆಟ್ ಇಲ್ದೆ ಅತ್ತುಸ್ತೀನಿ. ಈ ಕಡೆಗ್ ಮಾತ್ರ ಆಗಕ್ಕಿಲ್ಲ."

"ನಿಜ್ವಾಗ್ಲೂ ಉಳುಕದೆ ಕಣಪ್ಪಾ!"

"ಉಳುಕುದ್ರೂ ನಡೀತಾವ್ರೆ ನೋಡ್ರಪ್ಪೋ!" ಎಂದು ಬಸ್ಸಿನೊಳಗಿಂದ ಒಂದು ಮುದುಕಿ ಕೂಗಿದಳು. ಕಿಟಕಿಗಳಿಂದ ಕೈಗಳು ಹೊರಬಂದವು. ಒಬ್ಬರು ಕಾಣಿಕೆ ಕೊಟ್ಟರು, ಒಬ್ಬರು ತೆಂಗಿನಕಾಯಿ ಕೊಟ್ಟರು, ಮೈಮೇಲೆ ನರಹುಲಿ ಎದ್ದಿದ್ದ ಒಬ್ಬ ಅದು ಉದುರಲೆಂದು ಆಗತಾನೇ ಕೊಂಡಿದ್ದ ಹೊಸ ಪೊರಕೆಯನ್ನು ಹರಕೆಗೆ ಕೊಟ್ಟ. ಎಲ್ಲರೂ ಹೆಸರು, ನಕ್ಷತ್ರ ಹೇಳಿದರು. ವಸಂತ್ ಕೊನೆಗೆ ತನ್ನದೊಂದು ಹನ್ನೊಂದು ರೂಪಾಯಿ ಸೇರಿಸಿ, ಸೀಟಿ ಊದಿ ಹೊರಟೇಹೋದ. ಮನೆ ಕಡೆಗೆ ಹೋಗುವ ಬಸ್ಸಿನ ಹಿಂಭಾಗವನ್ನು ಕಂಠಪ್ಪ ಕಣ್ಣು ತುಂಬಿ ನೋಡಿದ. ಭಕ್ತಿಯೆಂದರೆ ಇದು ಎಂದು ಹೋಟೆಲಿನವನು ಕಣ್ಣೊರೆಸಿಕೊಂಡ.

ನಡೆದೇ ಹಿಂದಿರುಗೋಣವೆಂದರೆ ಹಿಂದೆ ಭಾಗ್ಯಮ್ಮನ ಊರಿದೆ. ಕೇಳಿದರೆ ಏನು ಹೇಳುವುದು? ಅಷ್ಟರಲ್ಲಿ ಮುಂದಿನ ಊರಿನವರು ತಾಳ ತಂಬೂರಿಯೊಂದಿಗೆ ಕರೆದೊಯ್ಯಲು ಬಂದೇಬಿಟ್ಟರು. ಅವರು ಭಜನೆ ಹೇಳುತ್ತ ಇವನನ್ನು ತಮ್ಮ ಊರ ಗಡಿಯವರೆಗೆ ಕಳಿಸಿದರು. ಗಡಿಯಲ್ಲಿ ಅದರ ಮುಂದಿನವರು ಕಾದಿದ್ದರು. ಹೀಗೆ ಊರಿಂದೂರಿಗೆ ಒಪ್ಪಿಸಿಕೊಳ್ಳುತ್ತ ಕಂಠಪ್ಪನನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಲಿಲ್ಲ. ಪೊಲೀಸರು ಕಳ್ಳನನ್ನು ಸಾಗಿಸುವಾಗಲೂ ಇಷ್ಟು ಜತನ ಇರುವುದಿಲ್ಲ.

ಪ್ರತಿ ಊರಿನಲ್ಲೂ ಕಾಲು ತೊಳೆಯುವವರು ಇದ್ದೇ ಇರುತ್ತಾರಲ್ಲ! ಬಿಚ್ಚು, ತೊಳೆ, ಒರೆಸು, ಕಟ್ಟು. ಮೂರನೆಯ ಊರಿಗೆ ಕಂಠಪ್ಪ ದಾರ ಕಟ್ಟುವುದನ್ನು ಬಿಟ್ಟ. ನಾಲ್ಕನೆಯ ಊರಿಗೆ ಶೂವನ್ನೇ ಬಿಟ್ಟು ಚೀಲಕ್ಕೆ ನೇತುಹಾಕಿ ಬರಿಗಾಲಲ್ಲಿ ನಡೆದ.

ಎಡಗಾಲು ಕುಂಟುವುದನ್ನು ಮಾತ್ರ ಬಿಡಲಿಲ್ಲ. ಯಾರಾದರೂ ಪುಣ್ಯಾತ್ಮರು, ಸಾಕು ಕಣಪ್ಪ ವಾಪಸ್ ಹೋಗು ಅನ್ನಬಹುದೆಂಬ ಆಸೆ. ಆ ಊರಿನ ಲಿಂಗಣ್ಣನೆಂಬ ಗಟ್ಟಿ ಆಳು ಅದನ್ನು ನೋಡಿದ. "ಮಲಗಿ" ಎಂದ. ಜಗಲಿಯ ಮೇಲೆ ಕೆಡವಿಕೊಂಡು ಬಿಸಿ ಹರಳೆಣ್ಣೆ ಹುಯ್ದು ಎಡಗಾಲನ್ನು ತಿರುಚಿದ ರೀತಿಗೆ ಕಂಠಪ್ಪನ ಕಿರುಚು ಕಬ್ಬಿನ ಗದ್ದೆಯ ಆಚೆಗೂ ಕೇಳಿಸಿತು. "ಈಗ ನಡೀರಿ, ಕುಂಟ್ತೀರಾ?"

"ಇಲ್ಲ ಇಲ್ಲ, ವಾಸಿ ಆಯ್ತು!" ಎಂದು ಕಂಠಪ್ಪ ಎರಡು ಸಲ ಜಿಗಿದು ತೋರಿಸಿದ. ಇನ್ನೊಂದು ಸುತ್ತು ತಿಕ್ಕಿದರೆ ನಿಜವಾಗಿಯೂ ಕುಂಟಬೇಕಾದೀತು ಎಂಬ ಭಯ. ನೋಡಿದವರೆಲ್ಲ ಮಂಜುನಾಥನ ಮಹಿಮೆ ಎಂದರು.

ಲಿಂಗಣ್ಣ ಅಲ್ಲಿಗೂ ಬಿಡಲಿಲ್ಲ. "ಅನ್ನದಾನಕ್ಕೆ ನಂದೊಂದು ಸಣ್ಣ ಸೇವೆ" ಎಂದು ತನ್ನ ಹಿತ್ತಿಲಿನ ಬೂದುಗುಂಬಳಕಾಯಿ ಎತ್ತಿಕೊಂಡು ಬಂದ. ಅದು ಆರು ಕೆ.ಜಿ.ಗೆ ಕಮ್ಮಿ ಇರಲಿಲ್ಲ.

ಚೀಲದಲ್ಲಿ ಜಾಗವಿಲ್ಲ. ಕಂಠಪ್ಪ ಅಳುಮೋರೆ ಮಾಡಿಕೊಂಡು ಸಾಮಾನು ತೆಗೆಯತೊಡಗಿದ. ಮಂಡಿಪಟ್ಟಿಯನ್ನು ಲಿಂಗಣ್ಣನ ತಾಯಿಗೆ ಕೊಟ್ಟ. ರಾತ್ರಿ ಕರೆಂಟಿಗೆ ಗದ್ದೆಗೆ ನೀರು ಕಟ್ಟುವ ಒಬ್ಬನಿಗೆ ಹಣೆಟಾರ್ಚು ಹೋಯಿತು. ಕೊಡೆ-ಟೋಪಿ ಕುರಿ ಕಾಯುವವಳ ತಲೆ ಏರಿತು. ಉಬ್ಬುವ ದಿಂಬನ್ನು ಒಬ್ಬ ಬಾಣಂತಿಯ ಅಮ್ಮ ಇಸಿದುಕೊಂಡಳು. ಸಾಮಾನು ಪಡೆದವರು ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು. ದಿನಕ್ಕೊಂದು ಪಾರ್ಸೆಲ್ಲಿನಂತೆ ಕೂಡಿಟ್ಟ ತಯಾರಿ ಅರ್ಧ ಗಂಟೆಯಲ್ಲಿ ಖಾಲಿಯಾಗಿ, ಅಲ್ಲಿ ಊರವರ ಮುಡುಪು, ಕಾಯಿ, ಕುಂಬಳಕಾಯಿ ಕೂತವು. ಪೊರಕೆ ಮೇಲೆ ಕಾಣುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ, ಹದಿನೆಂಟು ಕಿಲೋಮೀಟರ್ ಮುಗಿಸಿ, ಕಂಠಪ್ಪ ಕೆ.ಆರ್. ನಗರದಲ್ಲಿ ಬಾಮೈದನ ಮನೆ ಮುಂದೆ ನಿಂತ. ದಾರಿಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದಿದ್ದ ಅವನ ವಿಡಿಯೋ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಐದು ಸಲದ ಯಾತ್ರಿಕ ಮಹೇಂದ್ರ ಮೊದಲ ಬಾರಿಗೆ ಬೇರೊಬ್ಬರ ಅಂಗಾಲು ನೋಡಿದ.

"ಬಾವಾ! ಬಸ್ಸಲ್ ಬನ್ನಿ ಅಂದ್ರೆ ಒಸಲಿಂದ್ಲೇ ನಡ್ಕಂಡ್ ಬಂದ್ರಲ್ಲ! ಅದೂ ಬರಿಗಾಲಲ್ಲಿ!"

ಕಂಠಪ್ಪ ಅವನ ತೋಳು ಹಿಡಿದು ಹಿತ್ತಿಲಿಗೆ ಎಳೆದೊಯ್ದ. ಚೀಲವನ್ನು ಅವನ ಕಾಲಬುಡದಲ್ಲಿಟ್ಟ. "ಮಯೇಂದ್ರ, ನಿನ್ ದಮ್ಮಯ್ಯ. ಇವ್ನೆಲ್ಲ ನೀನೇ ತಗಂಡೋಗಿ ತಲುಪ್ಸು. ನಾನು ಶೂ ನೋಡಕ್ಕೆ ಅಂತ ಬಂದೋನು ಕಣಪ್ಪ. ಇಲ್ಲಿಂದ ಆಟೋ ಮಾಡ್ಕಂಡು ಹಿಂದಿನ್ ರಸ್ತೇಲಿ ಮನೆಗೋಯ್ತೀನಿ. ಯಾರ್‍ಗೂ ಏಳ್ಬ್ಯಾಡ."

ಮಹೇಂದ್ರನ ಮುಖದ ನಗು ಇಳಿಯಿತು. "ಬಾವಾ, ಅಕ್ಕ ಅವರೆಕಾಳು ತಿಂದಿದ್ದ ಯಾವಾಗ್ ನೋಡಿದ್ರಿ?" ಎಂದ.

"ಅವ್ಳು ತಿನ್ನಕ್ಕಿಲ್ವಲ್ಲ. ಗ್ಯಾಸು."

"ಯಾವ್ ಗ್ಯಾಸು? ಮದ್ವೆಗ್ ಮುಂಚೆ ಅವರೆ ಸೀಸನ್ನಲ್ಲಿ ನಮಗ್ಯಾರ್‍ಗೂ ಉಳುಸ್ತಿರ್ನಿಲ್ಲ ಅವ್ಳು. ನಿಮಗೆ ಆವು ಕಚ್ಚಿದ್ ದಿನ ಬುಟ್ಲು. ಅರಕೆ ತೀರೋ ಗಂಟ ಮುಟ್ಟಕ್ಕಿಲ್ಲ ಅಂತ. ಅನ್ನೊಂದು ವರ್ಷ ಆಯ್ತು. ನಮ್ಮವ್ವ ಒಂದ್ಸಲ ಬಲವಂತ ಮಾಡ್ದಾಗ ಬಾಯ್ಬುಟ್ಲು, ನಿಮ್ಗೆ ಏಳ್ಬಾರ್‍ದು ಅಂತ ಆಣೆ ಆಕ್ಸಿ."

"ಯಾಕೆ? ನಂಗ್ಯಾಕ್ ಏಳ್ನಿಲ್ಲ?"

"ಏಳುದ್ರೆ ನನ್ ಮುಲಾಜಿಗ್ ನಡ್ದಂಗಾಯ್ತದೆ, ದೇವ್ರಿಗ್ ನಡ್ದಂಗಾಗಕ್ಕಿಲ್ಲ ಅಂದ್ಲು."

ಕಂಠಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ಹನ್ನೊಂದು ಚಳಿಗಾಲ. ಮೊರದ ತುಂಬ ಕಾಳು ಹಾಕಿಕೊಂಡು ಉಗುರು ನೋಯುವ ತನಕ ಹಿಸುಕುತ್ತಿದ್ದವಳು ಅವಳು. ಮೂಗಿನ ಕೆಳಗೆ ಘಮಘಮ ಅನ್ನುವ ಸಾರನ್ನು ಇವನಿಗೆ ಬಡಿಸಿ ಮಜ್ಜಿಗೆ ಕುಡಿಯುತ್ತಿದ್ದವಳು. ಗ್ಯಾಸು ಬುಡು ಎಂದು ಹೇಳುತ್ತ ನಾಲ್ಕನೆಯ ಸೌಟಿಗೆ ತಟ್ಟೆ ಚಾಚುತ್ತಿದ್ದವನು ತಾನು. ಕಂಠಪ್ಪನಿಗೆ ನಾಚಿಕೆಯಾಯಿತು. ಅಳುವೂ ಬಂತು. ಮಹೇಂದ್ರ ಬಾವಿ ಕಡೆ ತಿರುಗಿ ನಿಂತ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಜಯಲಕ್ಷ್ಮಮ್ಮ.

"ಎಲ್ಲಿದ್ದೀರಿ? ಒಂಬತ್ಗೆ ಬತ್ತೀನಿ ಅಂದ್ರಿ. ವಿಡಿಯೋದಲ್ಲಿ ಇದೀರಂತೆ?"

"ನಡೀತಾವ್ನಿ" ಎಂದ ಕಂಠಪ್ಪ.

"ಎಲ್ಲಿಗಂಟ?"

ಕಂಠಪ್ಪ ಮೂಗು ಒರೆಸಿಕೊಂಡ. "ಅಲ್ಲೀಗಂಟ ಕಣೇ. ಮಾತು ಕೊಟ್ಟಾಗದೆ."

ಆ ಕಡೆ ದೇವರ ಗೂಡಿನ ಗಂಟೆ ಒಂದು ಸಲ ಅಲ್ಲಾಡಿದ್ದು ಕೇಳಿಸಿತು. ಆಮೇಲೆ, "ಶೂ ಕಚ್ತಾವಾ?" ಎಂದಳು.

"ಶೂ ಇಲ್ಲ. ಮಾದಯ್ಯ ಮಾವಂಗ್ ಏಳಿ ಒಂದ್ ಸೀಸೆ ಅರಳೆಣ್ಣೆ ಕಳ್ಸು. ಒಂದ್ ಪಂಚೆ, ಒಂದ್ ಟವಲ್ಲು."

ಆ ರಾತ್ರಿಯ ಕೊನೆಯ ಬಸ್ಸಿನಲ್ಲಿ ಗಂಟು ಬಂತು. ತಂದುಕೊಟ್ಟವನು ಕಂಡಕ್ಟರ್ ವಸಂತನೇ. "ನಾನ್ ಆವತ್ತೇ ಏಳಿದ್ನಲ್ಲ, ಈ ಕಡೆಗಾದ್ರೆ ಟಿಕೆಟ್ ಇಲ್ಲ" ಎಂದು ನಕ್ಕ. 'ಆವತ್ತು' ಅಂದರೆ ಅದೇ ದಿನ ಬೆಳಗ್ಗೆ. ಕಂಠಪ್ಪನಿಗೂ ಅದು ಬಹಳ ಹಿಂದೆ ನಡೆದದ್ದು ಅನ್ನಿಸಿತ್ತು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಹೊಳೆನರಸೀಪುರ ದಾಟುವಾಗ ಕಂಠಪ್ಪ ಎರಡು ಸಲ ಸತ್ತೆ ಎಂದ. ಹಾಸನದಲ್ಲಿ ಚಿಕ್ಕಮಾದಯ್ಯನಿಗೆ ಫೋನು ಮಾಡಿ, "ಮಾವ, ತೊಡೆ ಸಂದಿ ವಿಚಾರ ನೀನ್ ಏಳಿದ್ದು ನೂರಕ್ ನೂರು ನಿಜ" ಎಂದು ಒಪ್ಪಿಕೊಂಡ. ಸುಸ್ತಾಗುವ ಮುಂಚೆ ಕೂತ, ಉಪ್ಪುನೀರಿಗೆ ಕಾಲಿಟ್ಟ, ಬೊಬ್ಬೆಗೆ ದಾರ ತೂರಿಸಿದ. ಚಾರ್ಮಾಡಿ ಘಾಟಿ ಇಳಿಯುವಾಗ ಕುಂಬಳಕಾಯಿ ನಾನು ಹೊರುತ್ತೇನೆ ಎಂದು ಮಹೇಂದ್ರ ಎಷ್ಟು ಕೇಳಿದರೂ ಕೊಡಲಿಲ್ಲ. ನೇತ್ರಾವತಿಯಲ್ಲಿ ಮುಳುಗಿ ಎದ್ದು, ಕುಂಬಳಕಾಯಿಯನ್ನು ಅನ್ನದಾನದ ಉಗ್ರಾಣಕ್ಕೆ ಒಪ್ಪಿಸಿ, ಕಾಯಿ, ಪೊರಕೆಗಳನ್ನು ಹರಕೆಗೆ ಸಲ್ಲಿಸಿ, ಒಂದೊಂದೇ ಮುಡುಪನ್ನು ಹೆಸರು ಹೇಳಿ ಹುಂಡಿಗೆ ಹಾಕಿದ. ಭಾಗ್ಯಮ್ಮನ ಗಂಟು ಬಿದ್ದಾಗ ಅವನ ಎದೆಯ ಮೇಲಿಂದ ಚಪ್ಪಡಿಯೊಂದು ಇಳಿದಂತಾಯಿತು. ದೇವರ ಮುಂದೆ ಅವನು ಹೆಚ್ಚೇನೂ ಕೇಳಲಿಲ್ಲ. "ಕೇರೆಆವೇ ಇರ್‍ಬೌದು ಸಾಮಿ, ತಪ್ಪಾಯ್ತು" ಎಂದ.

ಮನೆಗೆ ಬಸ್ಸಿನಲ್ಲಿ ಬಂದ. ಯಾರೂ ತಡೆಯಲಿಲ್ಲ. ಹೊಸಲಲ್ಲಿ ಜಯಲಕ್ಷ್ಮಮ್ಮ ಚೊಂಬು ಹಿಡಿದು ನಿಂತಿದ್ದಳು. ಕಾಲು ತೊಳೆಯಲು ಬಗ್ಗಿದವಳು ಆ ಅಂಗಾಲು ನೋಡಿ ತುಟಿ ಕಚ್ಚಿಕೊಂಡಳು. ಕಂಠಪ್ಪ ಅವಳ ಕೈಯಿಂದ ಚೊಂಬು ಇಸಿದುಕೊಂಡು, "ನಾನೇ ತೊಳ್ಕತೀನಿ. ಅವರೆಕಾಳು ಎಲ್ ಮಡ್ಗಿದೀಯ?" ಎಂದ.

ಅವಳು ತಲೆಯೆತ್ತಿದಳು. "ಮಯೇಂದ್ರ ಏಳ್ಬುಟ್ನಾ?"

"ಏಳ್ದ. ಏಳಿದ್ ಎಲ್ಡ್ ನಿಮಿಷಕ್ ಮುಂಚೆ ನಾನು ಆಟೋ ಅತ್ತೋನಿದ್ದೆ" ಎಂದು ಕಂಠಪ್ಪ ಎಲ್ಲವನ್ನೂ ಹೇಳಿಬಿಟ್ಟ. ಟ್ರಯಲ್, ಇಡ್ಲಿ, ಕೊಟ್ಟಿಗೆಯಲ್ಲಿ ಕುಂಟಿದ್ದು, ಏನನ್ನೂ ಮುಚ್ಚಲಿಲ್ಲ.

"ಕೊಟ್ಟಿಗೇಲಿ ಕುಂಟ್ತಿದ್ದದ್ದ ನಾನು ನಾಕ್ ದಿನ್ವೂ ನೋಡಿದ್ದೆ" ಎಂದಳು ಜಯಲಕ್ಷ್ಮಮ್ಮ. "ಅದ್ಕೇ ಟ್ರಯಲ್ಲಿಗ್ ಒಂಟೋರ ಅಣೆಗೆ ಕುಂಕುಮ ಇಟ್ಟಿದ್ದು. ಅದ ಇಟ್ಮೇಲೆ ದಾರೀಲಿ ಯಾರೂ ವಾಪಸ್ ಬುಡಕ್ಕಿಲ್ಲ."

ಕಂಠಪ್ಪ ಹಣೆಯನ್ನು ಒಮ್ಮೆ ಸವರಿ ನೋಡಿಕೊಂಡ.

ಹಸಿ ಅವರೆಯ ಕಾಲ ಮುಗಿದಿತ್ತು. ಒಣ ಅವರೆಕಾಳನ್ನು ಆ ಸಂಜೆಯೇ ನೆನೆಹಾಕಿ, ಮರುದಿನ ಬೆಳಗ್ಗೆ ಕಂಠಪ್ಪ ಮೊರದ ಮುಂದೆ ಕೂತ. ಹಿಸುಕಿದ ಮೊದಲ ಬೇಳೆ ನೆಗೆದು, ನೋಡಲು ಬಂದು ಎದುರಿಗೆ ಕೂತಿದ್ದ ಚಿಕ್ಕಮಾದಯ್ಯನ ಕಾಫಿ ಲೋಟಕ್ಕೆ ಬಿತ್ತು. "ಇದ್ಕೂ ಸಾಮಾನ್ ತರುಸ್ಬೇಕಿತ್ತು ಕಣ್ಲಾ" ಎಂದು ಮುದುಕ ಅದನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡ. ಮಧ್ಯಾಹ್ನದ ಹೊತ್ತಿಗೆ ಕಂಠಪ್ಪನ ಉಗುರು ಹತ್ತೂ ನೋಯುತ್ತಿದ್ದವು. ಪಾದಕ್ಕಿಂತ ಇದೇ ಕಷ್ಟ ಎಂದು ಅವನಿಗೆ ತಿಳಿದದ್ದು ಆವಾಗಲೇ.

ಸಾರು ಕುದಿದು ಮನೆಯೆಲ್ಲ ಘಂ ಎಂದಿತು. ಕಂಠಪ್ಪ ಹೆಂಡತಿಯನ್ನು ಕೂರಿಸಿ ಮುದ್ದೆ ಇಟ್ಟು, ತಾನೇ ಸೌಟು ಹಿಡಿದ. ಜಯಲಕ್ಷ್ಮಮ್ಮ ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿಕೊಂಡಳು. ಒಂದು ಸೌಟು ಹೋಯಿತು, ಎರಡು ಹೋಯಿತು. ಮೂರು ಮುಗಿಸಿ ಗೋಡೆಗೆ ಒರಗಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಪಾತ್ರೆ ಅದುರುವಂತೆ ಒಂದು ತೇಗು ತೇಗಿದಳು. ಅದರ ಹಿಂದೆಯೇ ಇನ್ನೊಂದು.

"ಗ್ಯಾಸಾ?" ಎಂದು ಕಂಠಪ್ಪ ಆಸೆಯಿಂದ ಕೇಳಿದ.

"ಊಂ ಕಣ್ರೀ. ಒಟ್ಟೆಯೆಲ್ಲ ಉಬ್ಬರುಸ್ತದೆ."

"ನಾನ್ ಏಳ್ತಿರ್ನಿಲ್ವಾ!" ಎಂದು ಕಂಠಪ್ಪ ನೋಯುವ ಕಾಲಲ್ಲೇ ಎದ್ದು ನಿಂತ. "ಅನ್ನೊಂದು ವರ್ಷದಿಂದ ಏಳ್ತಾವ್ನಿ! ನಿಂಗ್ ಅವರೆ ಆಗಕ್ಕಿಲ್ಲ! ತಡೀ, ಓಂಕಾಳು ತತ್ತೀನಿ."

"ಓಂಕಾಳು ಆಮ್ಯಾಕಿರ್‍ಲಿ" ಎಂದು ಜಯಲಕ್ಷ್ಮಮ್ಮ ತಟ್ಟೆ ಮುಂದಕ್ಕೆ ಚಾಚಿದಳು. "ಇನ್ನೊಂದ್ ಸೌಟು ಬುಡಿ."